ಕೊಂದವನು ಅದೇ ಗುಡ್ಡಕ್ಕೆ ವಾಪಸ್ ಬಂದಾಗ

ಓದುಗರ ಪ್ರಶ್ನೆ: ರುವಾಂಡಾದಲ್ಲಿ 1994ರಲ್ಲಿ ನೆರೆಮನೆಯವರನ್ನೇ ಕೊಂದು ಜೈಲಿಗೆ ಹೋದವರು ಈಗ ಶಿಕ್ಷೆ ಮುಗಿಸಿ ಅದೇ ಊರಿಗೆ ಬರುತ್ತಿದ್ದಾರೆ, ಸತ್ತವರ ಮನೆಯವರ ಪಕ್ಕದಲ್ಲೇ ಬಾಳುತ್ತಿದ್ದಾರೆ ಅಂತ ಓದಿದೆ. ನಮ್ಮೂರಲ್ಲಿ ಬದುವಿನ ಜಗಳಕ್ಕೇ ಮೂರು ತಲೆಮಾರು ಮಾತು ಬಿಟ್ಟವರಿದ್ದಾರೆ. ಅಲ್ಲಿ ಇದು ಹೇಗೆ ಸಾಧ್ಯವಾಯ್ತು? ನಿಜವಾಗಿ ಕ್ಷಮಿಸಿದ್ದಾರಾ, ಇಲ್ಲ ಸರ್ಕಾರಕ್ಕೆ ಹೆದರಿ ಸುಮ್ಮನಿದ್ದಾರಾ?

ಉತ್ತರ:

ನೀವು ಬದುವಿನ ಜಗಳ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ರುವಾಂಡಾದಲ್ಲೂ ಮಾತು ಸುತ್ತಿ ಬಳಸಿ ಜಮೀನಿಗೇ ಬಂದು ನಿಲ್ಲುತ್ತದೆ.

ಆ ದೇಶದ ವಿಸ್ತೀರ್ಣ ಸುಮಾರು 26,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಏಳನೇ ಒಂದು ಭಾಗ. 2022ರ ಜನಗಣತಿಯಲ್ಲಿ ಅಲ್ಲಿದ್ದವರು 1.32 ಕೋಟಿ ಜನ. ಎತ್ತ ನೋಡಿದರೂ ಗುಡ್ಡ. ಹಿಂದೆಲ್ಲ ಮನೆಗಳು ನಮ್ಮ ಮಲೆನಾಡಿನ ಒಂಟಿ ಮನೆಗಳ ಹಾಗೆ ಇಳಿಜಾರಿನಲ್ಲಿ, ಬಾಳೆತೋಟದ ನಡುವೆ, ಒಂದೊಂದು ಒಂದೊಂದು ಕಡೆ ಇರುತ್ತಿದ್ದವು. ಹೆಚ್ಚಿನ ಕುಟುಂಬಗಳಿಗೆ ಇರುವುದು ಎರಡು ಎಕರೆಗಿಂತ ಕಡಿಮೆ ಭೂಮಿ. ಜೈಲಿನಿಂದ ಬಂದವನಿಗೆ ಅನ್ನ ಕೊಡುವುದು ಆ ತುಂಡು ಭೂಮಿ. ಅವನ ಕೈಯಲ್ಲಿ ಮನೆಯವರನ್ನು ಕಳೆದುಕೊಂಡ ಹೆಂಗಸಿಗೂ ಅನ್ನ ಕೊಡುವುದು ಅದೇ ಗುಡ್ಡದ ಇನ್ನೊಂದು ತುಂಡು. ಇಬ್ಬರಿಗೂ ಹೋಗೋಕೆ ಬೇರೆ ಜಾಗ ಇಲ್ಲ. ನೀರಿಗೆ ಒಂದೇ ದಾರಿ, ಸಂತೆಗೆ ಒಂದೇ ದಾರಿ, ಚರ್ಚಿಗೂ ಒಂದೇ ದಾರಿ. ನಿಮ್ಮೂರಲ್ಲಿ ಮಾತು ಬಿಟ್ಟವರು ಮಾತು ಬಿಟ್ಟೇ ಬದುಕಬಹುದು. ಅಲ್ಲಿ ಅದಕ್ಕೂ ಜಾಗ ಇಲ್ಲ.

ಹಾಗಾಗಿ ‘ಕ್ಷಮಿಸಿದ್ದಾರಾ’ ಅನ್ನೋ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಕ್ಷಮಿಸಿದವರಿದ್ದಾರೆ, ಕ್ಷಮಿಸದವರೂ ಇದ್ದಾರೆ. ಇಬ್ಬರೂ ಅದೇ ಗುಡ್ಡದಲ್ಲಿ ಬಾಳುತ್ತಿದ್ದಾರೆ. ಎಷ್ಟೋ ವರ್ಷದಿಂದ ಈ ವಿಷಯವನ್ನು ಓದುತ್ತಾ, ಪಾಠ ಹೇಳುತ್ತಾ ಬಂದ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದೇ. ವಾಪಸ್ ಬಂದವನ ಬಾಳು ಹಸನಾಗುತ್ತದಾ ಇಲ್ಲವಾ ಅನ್ನುವುದು ಅವನು ಎಷ್ಟು ಸಲ ಕೈ ಮುಗಿದ ಅನ್ನುವುದರ ಮೇಲೆ ನಿಂತಿಲ್ಲ. ಅವನು ಏನು ಹೇಳಿದ, ಏನು ಬಚ್ಚಿಟ್ಟ ಅನ್ನುವುದರ ಮೇಲೆ ನಿಂತಿದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನಾ ಅವರ ವಿಮಾನವನ್ನು ಹೊಡೆದು ಉರುಳಿಸಿದರು. ಮಾರನೇ ದಿನದಿಂದ ಜುಲೈವರೆಗೆ, ಸುಮಾರು ನೂರು ದಿನ, ಅಲ್ಪಸಂಖ್ಯಾತ ಟುಟ್ಸಿ ಜನರನ್ನು ಹುಡುಕಿ ಹುಡುಕಿ ಕೊಂದರು. ಬಹುಸಂಖ್ಯಾತ ಹುಟುಗಳಲ್ಲಿ ಇದಕ್ಕೆ ಒಪ್ಪದವರನ್ನೂ ಬಿಡಲಿಲ್ಲ. ವಿಶ್ವಸಂಸ್ಥೆಯ ಅಂದಾಜಿನಲ್ಲಿ ಸತ್ತವರು 8 ಲಕ್ಷಕ್ಕೂ ಜಾಸ್ತಿ, ರುವಾಂಡಾ ಸರ್ಕಾರದ ಲೆಕ್ಕದಲ್ಲಿ 10 ಲಕ್ಷಕ್ಕೂ ಜಾಸ್ತಿ. ಸಂಚು ಹೂಡಿದ್ದು ಸರ್ಕಾರ, ಸೇನೆ, ರೇಡಿಯೊ. ಆದರೆ ಮಚ್ಚು ಹಿಡಿದವರಲ್ಲಿ ಬಹಳಷ್ಟು ಜನ ಸಾಮಾನ್ಯ ರೈತರು. ಕೊಂದವನಿಗೂ ಸತ್ತವರಿಗೂ ಪರಿಚಯ ಇತ್ತು. ಒಂದೇ ಬೆಂಚಿನಲ್ಲಿ ಕೂತು ಬಾಳೆಹಣ್ಣಿನ ಮದ್ಯ ಕುಡಿದವರು, ಒಬ್ಬರ ಮಗುವಿಗೆ ಇನ್ನೊಬ್ಬರು ಹೆಸರಿಟ್ಟವರು.

ನರಮೇಧ ನಿಂತ ಮೇಲೆ ಹಿಡಿದು ಒಳಗೆ ಹಾಕಿದ್ದೇ ಹಾಕಿದ್ದು. ಕೆಲವೇ ವರ್ಷಗಳಲ್ಲಿ ಜೈಲಲ್ಲಿದ್ದವರು ಒಂದು ಲಕ್ಷ ಇಪ್ಪತ್ತು ಸಾವಿರ ದಾಟಿದರು. ಇದ್ದ ಜಾಗ ಅದರ ಸಣ್ಣ ಪಾಲಿಗೂ ಸಾಲುತ್ತಿರಲಿಲ್ಲ. ಜನ ಪಾಳಿ ಹಾಕಿಕೊಂಡು ಮಲಗುತ್ತಿದ್ದರು. ನ್ಯಾಯಾಧೀಶರಲ್ಲಿ ಎಷ್ಟೋ ಮಂದಿ ಕೊಲೆಯಾಗಿದ್ದರು, ಎಷ್ಟೋ ಮಂದಿ ಓಡಿಹೋಗಿದ್ದರು. ಮಾಮೂಲಿ ಕೋರ್ಟಿನಲ್ಲೇ ಎಲ್ಲರ ವಿಚಾರಣೆ ಮುಗಿಸಬೇಕಾದರೆ ನೂರು ವರ್ಷ ಹಿಡಿಯುತ್ತದೆ ಅನ್ನೋ ಲೆಕ್ಕ ಬಂತು. ಆಗ ಹಳೆಯ ಊರ ಪಂಚಾಯ್ತಿಯ ಪದ್ಧತಿಯನ್ನು ಹೊಸ ಕಾನೂನಿನಡಿ ತಂದರು. ಅದರ ಹೆಸರು ಗಚಾಚಾ. ಹುಲ್ಲಿನ ಮೇಲೆ ಕೂತು ನ್ಯಾಯ ಹೇಳುವುದರಿಂದ ಆ ಹೆಸರು. ನಮ್ಮಲ್ಲಿ ಅರಳಿಕಟ್ಟೆ ಇದ್ದ ಹಾಗೆ. ಊರವರೇ ಆರಿಸಿದ ‘ಇನ್ಯಾಂಗಾಮುಗಾಯೊ’, ಅಂದರೆ ಪ್ರಾಮಾಣಿಕರು ಅಂತ ಹೆಸರಿದ್ದವರು, ತೀರ್ಪು ಕೊಟ್ಟರು. 2002ರಲ್ಲಿ ಪ್ರಯೋಗವಾಗಿ ಶುರುವಾಗಿ 2012ರ ಜೂನ್ 18ಕ್ಕೆ ಮುಗಿಯುವ ಹೊತ್ತಿಗೆ ಸುಮಾರು 12,000 ಗಚಾಚಾಗಳು 19 ಲಕ್ಷಕ್ಕೂ ಜಾಸ್ತಿ ಪ್ರಕರಣ ಮುಗಿಸಿದ್ದವು. ಅದರಲ್ಲಿ ದೊಡ್ಡ ಪಾಲು ಲೂಟಿ ಮತ್ತು ಆಸ್ತಿ ನಾಶದ್ದು.

ಇಲ್ಲಿ ಒಂದು ನಿಯಮ ಗಮನಿಸಿ, ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ. ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆ. ಆದರೆ ಸುಮ್ನೆ ‘ತಪ್ಪಾಯ್ತು’ ಅಂದರೆ ಸಾಲದು. ಯಾರನ್ನು ಕೊಂದೆ, ಯಾರ ಜೊತೆ ಸೇರಿ ಕೊಂದೆ, ಹೆಣ ಎಲ್ಲಿದೆ, ಎಲ್ಲವನ್ನೂ ಊರವರ ಮುಂದೆ ಹೇಳಬೇಕು. ಹಾಗೆ ಒಪ್ಪಿಕೊಂಡವರಲ್ಲಿ ಬಹಳ ಜನಕ್ಕೆ ಉಳಿದ ಶಿಕ್ಷೆಯ ಅರ್ಧ ಭಾಗ ಜೈಲಿನ ಹೊರಗೆ ದುಡಿಮೆಯಾಗಿ ಬದಲಾಯಿತು. ಗುಡ್ಡದಲ್ಲಿ ಮೆಟ್ಟಿಲು ಗದ್ದೆ ಕಡಿಯುವುದು, ರಸ್ತೆ ಹಾಕುವುದು, ಕಲ್ಲು ಒಡೆಯುವುದು, ಬದುಕುಳಿದವರಿಗೆ ಮನೆ ಕಟ್ಟುವುದು.

ಬಿಡುಗಡೆ ಒಂದೇ ಸಲ ಆಗಲಿಲ್ಲ. 2003ರ ಜನವರಿಯಲ್ಲಿ ಅಧ್ಯಕ್ಷರ ಆದೇಶ ಬಂತು. ತಪ್ಪೊಪ್ಪಿಕೊಂಡವರು, ಮುದುಕರು, ಕಾಯಿಲೆಯವರು, ಕೊಲೆಯ ಕಾಲಕ್ಕೆ ಇನ್ನೂ ಹುಡುಗರಾಗಿದ್ದವರು, ಹೀಗೆ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಹೊರಗೆ ಬಂದರು. 2005ರಲ್ಲಿ ಇನ್ನೂ ಸುಮಾರು 36,000. ಮನೆಗೆ ಹೋಗುವ ಮುಂಚೆ ‘ಇಂಗಾಂಡೊ’ ಅನ್ನೋ ಶಿಬಿರದಲ್ಲಿ ಕೆಲವು ವಾರ ಇಟ್ಟು ದೇಶದ ಚರಿತ್ರೆ, ಹೊಸ ಕಾನೂನು, ಊರಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಹೇಳಿಕೊಟ್ಟರು. ಆಗ ಬಂದವರ ಕಥೆ ಒಂದು. ಇಪ್ಪತ್ತು, ಇಪ್ಪತ್ತೈದು ವರ್ಷದ ಪೂರ್ತಿ ಶಿಕ್ಷೆ ಮುಗಿಸಿ ಈಚೆಗೆ ಬರುತ್ತಿರುವವರ ಕಥೆಯೇ ಬೇರೆ. ನೀವು ಕೇಳಿದ್ದು ಇವರ ಬಗ್ಗೆ.

ಒಬ್ಬನನ್ನು ಕಣ್ಣಮುಂದೆ ತಂದುಕೊಳ್ಳಿ. ಇವನು ಒಬ್ಬ ನಿಜವಾದ ವ್ಯಕ್ತಿ ಅಲ್ಲ, ಹಲವರ ಅನುಭವ ಸೇರಿಸಿ ಹೇಳುತ್ತಿದ್ದೇನೆ. 1995ರಲ್ಲಿ, ಮೂವತ್ತರ ವಯಸ್ಸಿನಲ್ಲಿ ಒಳಗೆ ಹೋದ. 2020ರಲ್ಲಿ, ಐವತ್ತೈದಕ್ಕೆ, ಕೈದಿ ಬಟ್ಟೆ ಕಳಚಿಟ್ಟು ಹೊರಗೆ ಬಂದ. ಕೈಯಲ್ಲಿ ಬಿಡುಗಡೆ ಪತ್ರ, ಒಂದು ಸಣ್ಣ ಗಂಟು.

ಗೇಟಿನಿಂದಾಚೆ ಇರುವ ದೇಶ ಅವನಿಗೆ ಗೊತ್ತಿಲ್ಲ. ಬಾವುಟ ಬದಲಾಗಿದೆ, ರಾಷ್ಟ್ರಗೀತೆ ಬದಲಾಗಿದೆ. ಅವನು ಹುಟ್ಟಿದ ಪ್ರಾಂತ್ಯದ ಹೆಸರೇ ಈಗಿಲ್ಲ, 2006ರಲ್ಲಿ ಎಲ್ಲ ಗಡಿಗಳನ್ನೂ ಹೊಸದಾಗಿ ಎಳೆದರು. ಶಾಲೆಯಲ್ಲಿ ಫ್ರೆಂಚ್ ಹೋಗಿ ಇಂಗ್ಲಿಷ್ ಬಂದಿದೆ. ಪ್ಲಾಸ್ಟಿಕ್ ಚೀಲ ಹಿಡಿದರೆ ದಂಡ. ಬಸ್ಸಿನ ಚಾರ್ಜು, ಸಾಲ, ಸಂಬಳ ಎಲ್ಲ ಮೊಬೈಲಿನಲ್ಲೇ ಓಡಾಡುತ್ತಿದೆ. ಗುರುತಿನ ಚೀಟಿಯಲ್ಲಿ ಹುಟು, ಟುಟ್ಸಿ ಅನ್ನೋ ಪದವೇ ಇಲ್ಲ. 1994ರಲ್ಲಿ ರಸ್ತೆಯ ಅಡ್ಡಗಟ್ಟೆಗಳಲ್ಲಿ ಜೀವ ತೆಗೆದದ್ದು ಚೀಟಿಯ ಮೇಲಿದ್ದ ಆ ಒಂದು ಪದ. ಅಂಥ ಒಂದು ಕಡೆ ಇವನೂ ನಿಂತಿದ್ದಿರಬಹುದು.

ಊರಿಗೆ ಬಂದರೆ ಅವನ ಮನೆ ಇದ್ದ ಜಾಗದಲ್ಲಿ ಮನೆ ಇಲ್ಲ. ಹುಲ್ಲಿನ ಸೂರುಗಳನ್ನೆಲ್ಲ ಸರ್ಕಾರ ತೆಗೆಸಿದೆ. ಜನ ಗುಡ್ಡದ ಇಳಿಜಾರಿನಿಂದ ರಸ್ತೆ ಪಕ್ಕದ ಸಾಲುಮನೆಗಳಿಗೆ ಇಳಿದಿದ್ದಾರೆ. ಹಾಗಾಗಿ ಹಿಂದೆ ಬಾಳೆತೋಟದಾಚೆ ದೂರದಲ್ಲಿದ್ದ ನೆರೆಯವರು ಈಗ ನಿಜವಾಗಿಯೂ ಗೋಡೆಗೆ ಗೋಡೆ ತಾಗಿದ ನೆರೆಯವರು.

ಹೆಂಡತಿ ಇದ್ದಾಳಾ? ಇರಬಹುದು, ಇಲ್ಲದಿರಬಹುದು. ಎಷ್ಟೋ ವರ್ಷ ಜೈಲಿಗೆ ಬುತ್ತಿ ಹೊತ್ತು ನಡೆದವಳು ಅವಳು. ಜೈಲಿನ ಊಟ ಸಾಲುತ್ತಿರಲಿಲ್ಲವಾದ್ದರಿಂದ ಮನೆಯವರು ತಂದುಕೊಡಬೇಕಿತ್ತು. ಅದಕ್ಕೆ ಅವರ ಭಾಷೆಯಲ್ಲಿ ‘ಕುಗೆಮುರಾ’ ಅಂತ ಒಂದು ಪದವೇ ಇದೆ. ಕೆಲವರ ಹೆಂಡತಿಯರು ಕೊನೆಗೆ ನಿಲ್ಲಿಸಿದರು, ಬೇರೆಯವರ ಜೊತೆ ಬಾಳು ಕಟ್ಟಿಕೊಂಡರು, ಮಕ್ಕಳಾದವು. ಅವರನ್ನು ದೂರುವ ಮನಸ್ಸು ನನಗಿಲ್ಲ. ಇದ್ದವಳೂ ಹಳೆಯ ಹೆಂಡತಿಯಲ್ಲ. 1999ರ ಕಾನೂನು ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲು ಕೊಟ್ಟಿತು. ಆಮೇಲೆ ದೇಶದ ಪ್ರತಿ ತುಂಡು ಭೂಮಿಯನ್ನೂ ಅಳೆದು ಪಟ್ಟಾ ಕೊಟ್ಟಾಗ ಹೆಂಡತಿಯ ಹೆಸರೂ ಪಟ್ಟಾದ ಮೇಲೆ ಬಂತು. ಇಪ್ಪತ್ತೈದು ವರ್ಷ ಒಬ್ಬಳೇ ಮನೆ ನಡೆಸಿದವಳು ಅವಳು. ಗಂಡ ಬಂದು ‘ಈ ಹಸು ಯಾಕೆ ಮಾರಿದೆ’ ಅಂತ ಕೇಳಿದರೆ ಅವಳು ಸುಮ್ಮನಿರುವುದಿಲ್ಲ. ಅವನು ಹೋದಾಗ ಎರಡು ವರ್ಷದ ಮಗುವಾಗಿದ್ದ ಮಗ ಈಗ ತಾನೇ ಇಬ್ಬರು ಮಕ್ಕಳ ಅಪ್ಪ. ಮಗನಿಗೆ ಅಪ್ಪ ಅಂದರೆ ಶಾಲೆಯಲ್ಲಿ ಮುಚ್ಚಿಟ್ಟುಕೊಂಡ ಒಂದು ಹೆಸರು.

ಇನ್ನು ಅಣ್ಣತಮ್ಮಂದಿರು. ಇವನ ಪಾಲನ್ನು ಯಾರೋ ಉಳುತ್ತಿದ್ದಾರೆ, ಇಲ್ಲ ಮಾರಿಬಿಟ್ಟಿದ್ದಾರೆ. ಹೊರಗಿನವರು ಊಹಿಸುವುದೇ ಒಂದು, ಅಲ್ಲಿ ನಡೆಯುವುದೇ ಒಂದು. ವಾಪಸ್ ಬಂದವನ ಮೊದಲ ಜಗಳ ಬಹಳ ಸಲ ಬದುಕುಳಿದವರ ಜೊತೆ ಇರುವುದೇ ಇಲ್ಲ. ಸ್ವಂತ ಮನೆಯವರ ಜೊತೆ ಇರುತ್ತದೆ. ಅದು ‘ಅಬುಂಜಿ’ಗಳ ಮುಂದೆ ಹೋಗುತ್ತದೆ. ಅಬುಂಜಿ ಅಂದರೆ ಊರ ಮಧ್ಯಸ್ಥರು, ಮುರಿದದ್ದನ್ನು ಕೂಡಿಸುವವರು ಅಂತ ಅರ್ಥ.

ಹೆಣ್ಣು ಕೈದಿಗಳ ಪಾಡು ಇನ್ನೂ ಕಷ್ಟ. ಗಂಡಸು ಜೈಲಿಗೆ ಹೋದರೆ ಹೆಂಡತಿ ಕಾಯುವುದುಂಟು. ಹೆಂಗಸು ಹೋದರೆ ಗಂಡ ಬೇರೆ ಮದುವೆಯಾಗಿರುತ್ತಾನೆ. ತವರಲ್ಲೂ ಜಾಗ ಇರುವುದಿಲ್ಲ. ಮೇಲಾಗಿ ‘ಹೆಣ್ಣಾಗಿ ಇಂಥ ಕೆಲಸ ಮಾಡಿದಳಾ’ ಅನ್ನುವ ಮಾತು ಸಾಯುವ ತನಕ ಬೆನ್ನು ಬಿಡುವುದಿಲ್ಲ.

ಹೊರಗೆ ಬಂದ ಮಾತ್ರಕ್ಕೆ ಎಲ್ಲ ಹಕ್ಕುಗಳೂ ವಾಪಸ್ ಸಿಗುವುದಿಲ್ಲ. ಗಂಭೀರ ಕೊಲೆಗಳಲ್ಲಿ ಶಿಕ್ಷೆಯಾದವರಿಗೆ ಚುನಾವಣೆಗೆ ನಿಲ್ಲುವುದು, ಸೇನೆ, ಪೊಲೀಸ್ ಸೇರುವುದು, ಮೇಷ್ಟ್ರಾಗುವುದು, ಆಸ್ಪತ್ರೆಯಲ್ಲಿ ಕೆಲಸ ಮಾಡುವುದು ಇವಕ್ಕೆಲ್ಲ ಗಚಾಚಾ ಕಾನೂನು ಅಡ್ಡಿ ಹಾಕಿತ್ತು. ಮೇಷ್ಟ್ರುಗಳೇ ತಮ್ಮ ಶಾಲೆಯ ಮಕ್ಕಳನ್ನು ಕೊಲ್ಲುವವರಿಗೆ ತೋರಿಸಿಕೊಟ್ಟ ಉದಾಹರಣೆಗಳಿರುವ ದೇಶದಲ್ಲಿ ಇದು ಅತಿಯಾಯಿತು ಅಂತ ನನಗೆ ಅನ್ನಿಸುವುದಿಲ್ಲ.

ಈಗ ಆಚೆ ಮನೆ. ಗಂಡ, ಮಕ್ಕಳು, ಅಣ್ಣಂದಿರು ಎಲ್ಲರನ್ನೂ ಕಳೆದುಕೊಂಡ ಹೆಂಗಸು. ಅವಳ ಮೊದಲ ಭಾವನೆ ಕೋಪ ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಭಯ. ಅದು ಸುಳ್ಳು ಭಯವೂ ಅಲ್ಲ. 2003ರ ಬಿಡುಗಡೆಯಾದ ವರ್ಷವೇ ಗಿಕೊಂಗೊರೊ ಪ್ರಾಂತ್ಯದಲ್ಲಿ ಬದುಕುಳಿದ ಹಲವರನ್ನು ಕೊಂದರು, ಗಚಾಚಾದಲ್ಲಿ ಸಾಕ್ಷಿ ಹೇಳದಿರಲಿ ಅಂತ. ಆಮೇಲೂ ಸಾಕ್ಷಿಗಳ ಹಸು ಕಡಿದದ್ದು, ಬೆಳೆ ಕಿತ್ತದ್ದು, ಮನೆಗೆ ಕಲ್ಲು ಹೊಡೆದದ್ದು ಅಲ್ಲಲ್ಲಿ ನಡೆದೇ ಇದೆ. ದೊಡ್ಡ ಮಟ್ಟದ ಸೇಡಿನ ಕೊಲೆಗಳು ಮಾತ್ರ ನಡೆಯಲಿಲ್ಲ. ಇಷ್ಟು ಸಾವಿರ ಜನ ವಾಪಸ್ ಬಂದ ಮೇಲೂ ನಡೆಯಲಿಲ್ಲ ಅನ್ನುವುದು ಸಣ್ಣ ಮಾತಲ್ಲ.

ಅವಳಿಗೆ ಏನು ಬೇಕು? ಮತ್ತೆ ಮತ್ತೆ ಬರುವ ಉತ್ತರ ಒಂದೇ: ಹೆಣ ಎಲ್ಲಿದೆ ಹೇಳಲಿ. ಮಣ್ಣು ಮಾಡೋಕೆ ಒಂದು ಮೂಳೆಯಾದರೂ ಸಿಗಲಿ. ನಮ್ಮಲ್ಲೂ ಶವ ಸಿಗದ ಸಾವು ಮನೆಯವರನ್ನು ಹೇಗೆ ಹಿಂಡುತ್ತದೆ ಅಂತ ಗೊತ್ತಲ್ವಾ? ಹೊಳೆಯಲ್ಲಿ ಕೊಚ್ಚಿಹೋದವರ ಮನೆಯವರನ್ನು ಕೇಳಿ. ಕಾರ್ಯ ಮಾಡಿ ಮುಗಿಸಿದರೂ ಮನಸ್ಸು ಬಾಗಿಲ ಕಡೆಗೇ ಇರುತ್ತದೆ. ಅಲ್ಲಿ ಒಂದೊಂದು ಮನೆಯಲ್ಲಿ ಹಾಗೆ ಹತ್ತು, ಹದಿನೈದು ಜನ.

ಗಚಾಚಾದಲ್ಲಿ ಅರ್ಧ ಹೇಳಿ ಅರ್ಧ ನುಂಗಿದವರು ಬಹಳ. ಜೈಲಿನಲ್ಲಿದ್ದಾಗಲೇ ಕೂತು ‘ಇದನ್ನು ಒಪ್ಪಿಕೊಳ್ಳೋಣ, ಅದು ಬೇಡ, ಸತ್ತುಹೋದವನ ತಲೆಗೆ ಕಟ್ಟೋಣ’ ಅಂತ ಮಾತಾಡಿಕೊಂಡ ಗುಂಪುಗಳಿದ್ದವು. ಬದುಕುಳಿದವರಿಗೆ ಇದು ಗೊತ್ತಾಗದೇ ಇರುತ್ತದಾ? ಅಂಥವನು ವಾಪಸ್ ಬಂದು ಎಷ್ಟು ಕೈ ಮುಗಿದರೂ ಆ ಮನೆಯ ಬಾಗಿಲು ತೆರೆಯುವುದಿಲ್ಲ. ಎದುರಿಗೆ ಸಿಕ್ಕಾಗ ನಮಸ್ಕಾರಕ್ಕೆ ನಮಸ್ಕಾರ, ಅಷ್ಟೇ. ಎಲ್ಲ ಹೇಳಿದವನ ಗತಿ ಬೇರೆ. ಗುದ್ದಲಿ ಹಿಡಿದು ತಾನೇ ಬಂದು, ‘ಇಲ್ಲಿ ಅಗೆಯಿರಿ’ ಅಂತ ತೋರಿಸಿ, ತಾನೂ ಅಗೆದು, ಎಲುಬುಗಳನ್ನು ತೊಳೆಯುವಾಗ ಪಕ್ಕದಲ್ಲಿ ನಿಂತವನ ಜೊತೆ ಮಾತು ಶುರುವಾಗುವುದುಂಟು. ಅದು ಸ್ನೇಹವೇ ಆಗಬೇಕಿಲ್ಲ. ಮಾತಾದರೂ ಇರುತ್ತದೆ.

ದುಡಿಮೆಯೂ ಹಾಗೆಯೇ. ಲೂಟಿ ಮಾಡಿದ ಹೆಂಚು, ಹಸು, ಪಾತ್ರೆಗೆ ಪರಿಹಾರ ಕಟ್ಟಬೇಕು ಅಂತ ಗಚಾಚಾ ತೀರ್ಪು ಕೊಟ್ಟಿತು. ಬಡವನಾಗಿ ಒಳಗೆ ಹೋಗಿ ಇನ್ನೂ ಬಡವನಾಗಿ ಬಂದವನು ಎಲ್ಲಿಂದ ಕಟ್ಟುತ್ತಾನೆ? ಕೆಲವು ಕಡೆ ಎರಡೂ ಮನೆಯವರು ಕೂತು ಒಪ್ಪಂದ ಮಾಡಿಕೊಂಡರು. ಇಷ್ಟು ದಿನ ನನ್ನ ಹೊಲ ಅಗೆದು ಕೊಡು, ಸಾಕು. ವಯಸ್ಸಾದ ಒಂಟಿ ಹೆಂಗಸಿಗೆ ದುಡ್ಡಿಗಿಂತ ಅದೇ ದೊಡ್ಡದು. ಗುಡ್ಡದ ಹೊಲ ಅಗೆಯೋಕೆ ಅವಳ ಗಂಡುಮಕ್ಕಳಿಲ್ಲ. ಯಾಕಿಲ್ಲ ಅಂತ ಅಗೆಯುತ್ತಿರುವವನಿಗೂ ಗೊತ್ತು.

ಬುಗೆಸೆರಾ ಜಿಲ್ಲೆಯ ಮ್ಬ್ಯೋ ಅನ್ನೋ ಹಳ್ಳಿಯ ಬಗ್ಗೆ ನೀವು ಓದಿರಬಹುದು. ಜೈಲಿನವರ ನಡುವೆ ಕೆಲಸ ಮಾಡುವ ಒಂದು ಕ್ರೈಸ್ತ ಸಂಸ್ಥೆ ಇಂಥ ಕೆಲವು ಹಳ್ಳಿಗಳನ್ನು ಕಟ್ಟಿಸಿತು. ಬಿಡುಗಡೆಯಾದವರೂ ಬದುಕುಳಿದವರೂ ಸೇರಿ ಇಟ್ಟಿಗೆ ಮಾಡಿ, ಗೋಡೆ ಎಬ್ಬಿಸಿ, ಅಲ್ಲೇ ವಾಸ ಮಾಡುತ್ತಾರೆ. ಪತ್ರಕರ್ತರು ಜಾಸ್ತಿ ಹೋಗುವುದು ಅಲ್ಲಿಗೇ. ಆ ಕೆಲಸದ ಬಗ್ಗೆ ನನಗೆ ಗೌರವ ಇದೆ. ಆದರೆ ಒಂದು ಮಾದರಿ ಹಳ್ಳಿ ನೋಡಿ ಇಡೀ ದೇಶ ಹಾಗೇ ಇದೆ ಅಂದುಕೊಳ್ಳಬೇಡಿ. ಹೆಚ್ಚಿನ ಗುಡ್ಡಗಳಲ್ಲಿ ಯಾವ ಸಂಸ್ಥೆಯೂ ಇಲ್ಲ, ಕ್ಯಾಮೆರಾವೂ ಇಲ್ಲ.

ನನಗೆ ಜಾಸ್ತಿ ನಂಬಿಕೆ ಇರುವುದು ನಿಧಾನವಾಗಿ ನಡೆದ ಕೆಲಸಗಳ ಮೇಲೆ. 2005ರಲ್ಲಿ ಬ್ಯುಂಬಾದಲ್ಲಿ, ಆಂಗ್ಲಿಕನ್ ಚರ್ಚಿನ ಆಸರೆಯಲ್ಲಿ, ‘ಮ್ವುರಾ ನ್ಕುವುರೆ’ ಅನ್ನೋ ಗುಂಪುಗಳು ಶುರುವಾದವು. ‘ನೀನು ನನ್ನನ್ನು ಗುಣ ಮಾಡು, ನಾನು ನಿನ್ನನ್ನು ಗುಣ ಮಾಡುತ್ತೇನೆ’ ಅಂತ ಅರ್ಥ. ಹತ್ತು ಹದಿನೈದು ಜನ, ವಾರಕ್ಕೊಮ್ಮೆ, ಮೂರು ಗಂಟೆ, ಹದಿನೈದು ವಾರ ಕೂರುತ್ತಾರೆ. ಮೊದಲ ವಾರಗಳಲ್ಲಿ ಯಾರೂ 1994ರ ಸುದ್ದಿ ಎತ್ತುವುದಿಲ್ಲ. ಇಲ್ಲಿ ಕೂರೋಕೆ ಭಯ ಇಲ್ಲ ಅನ್ನಿಸಬೇಕು ಮೊದಲು. ಆಮೇಲೆ ನಂಬಿಕೆ, ಆಮೇಲೆ ಒಬ್ಬರ ಕಷ್ಟ ಇನ್ನೊಬ್ಬರು ವಿಚಾರಿಸುವುದು. ನೆನಪಿನ ಮಾತು ಬರುವುದು ಕೊನೆಗೆ. ಬದುಕುಳಿದವರು, ಕೊಂದವರು, ಕೊಂದವರ ಹೆಂಡತಿಯರು ಒಂದೇ ಸುತ್ತಿನಲ್ಲಿ ಕೂತಿರುತ್ತಾರೆ. ಪಶ್ಚಿಮದ ಮುಶಾಕಾ ಚರ್ಚಿನಲ್ಲಿ, 2021ರಲ್ಲಿ ತೀರಿಕೊಂಡ ಫಾದರ್ ಉಬಾಲ್ಡ್ ರುಗಿರಂಗೋಗಾ ಅವರು ಇನ್ನೊಂದು ದಾರಿ ಹಿಡಿದಿದ್ದರು. ಕೊಂದವನಿಗೆ ನೇರವಾಗಿ ಪ್ರಸಾದ ಇಲ್ಲ. ಆರು ತಿಂಗಳು ಪಾಠಕ್ಕೆ ಬರಬೇಕು, ಸತ್ತವರ ಮನೆಯವರ ಹತ್ತಿರ ಹೋಗಬೇಕು, ಆಮೇಲೆ ಎಲ್ಲರೆದುರು ನಿಲ್ಲಬೇಕು. ಅವರ ಸ್ವಂತ ಮನೆಯವರಲ್ಲೇ ಎಷ್ಟೋ ಜನ ನರಮೇಧದಲ್ಲಿ ಸತ್ತಿದ್ದರು.

ಹಸುವಿನ ವಿಷಯ ಹೇಳದಿದ್ದರೆ ನಮ್ಮ ಓದುಗರು ಬೇಜಾರು ಮಾಡಿಕೊಳ್ಳುತ್ತಾರೆ. ರುವಾಂಡಾದಲ್ಲಿ ಹಸು ಕೊಟ್ಟರೆ ಸಂಬಂಧ ಬೆಳೆಸಿದ ಹಾಗೆ. 2006ರಿಂದ ‘ಗಿರಿಂಕಾ’ ಅನ್ನೋ ಯೋಜನೆಯಲ್ಲಿ ಬಡ ಮನೆಗೊಂದು ಹಸು ಕೊಡುತ್ತಿದ್ದಾರೆ. ‘ನಿನ್ನ ಮನೆಯಲ್ಲಿ ಹಸು ಇರಲಿ’ ಅನ್ನೋ ಹರಕೆಯ ಮಾತು ಅದು. ಹಸು ಪಡೆದವರು ಮೊದಲ ಹೆಣ್ಣುಗರುವನ್ನು ಇನ್ನೊಂದು ಮನೆಗೆ ಕೊಡಬೇಕು. ಆ ಇನ್ನೊಂದು ಮನೆ ಕೆಲವೊಮ್ಮೆ ಜೈಲಿನಿಂದ ಬಂದವನದ್ದಾಗಿರುತ್ತದೆ.

ಒಂದು ಸಣ್ಣ ವಿಷಯ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಅಲ್ಲಿ ಯಾರಿಗಾದರೂ ಮದ್ಯ ಕೊಡುವ ಮುಂಚೆ ಕೊಡುವವನೇ ಮೊದಲ ಗುಟುಕು ಕುಡಿದು ತೋರಿಸುತ್ತಾನೆ, ವಿಷ ಇಲ್ಲ ಅಂತ. ಇದು ಹಳೆಯ ಪದ್ಧತಿ, ನರಮೇಧಕ್ಕೆ ಮುಂಚಿನದ್ದು. ಈಗ ಆ ಗುಟುಕಿಗೆ ತೂಕ ಜಾಸ್ತಿ. ವಾಪಸ್ ಬಂದವನು ಒಂದು ಬೋಗುಣಿ ತೆಗೆದುಕೊಂಡು, ತಾನು ಗುಟುಕರಿಸಿ, ಮುಂದೆ ಚಾಚುತ್ತಾನೆ. ಆಚೆಯವರು ತೆಗೆದುಕೊಂಡರಾ, ‘ಈಗ ಬೇಡ’ ಅಂದರಾ? ಊರಿನವರೆಲ್ಲ ನೋಡುತ್ತಿರುವುದು ಅದನ್ನೇ. ತೆಗೆದುಕೊಂಡು ತುಟಿಗೆ ಮುಟ್ಟಿಸಿ ಕೆಳಗಿಟ್ಟವರೂ ಇರುತ್ತಾರೆ. ಅದಕ್ಕೂ ಒಂದು ಅರ್ಥ ಇದೆ, ಅದು ಎಲ್ಲರಿಗೂ ಗೊತ್ತು.

ಈಗ ನಿಮ್ಮ ಕೊನೆಯ ಪ್ರಶ್ನೆ: ಸರ್ಕಾರದ ಭಯವಾ? ಭಯವೂ ಇದೆ. ನರಮೇಧದ ಮನೋಭಾವ ಹರಡಿದರೆ ಜೈಲು ಅನ್ನೋ ಕಾನೂನು 2008ರಲ್ಲೇ ಬಂತು. ಹುಟು, ಟುಟ್ಸಿ ಅಂತ ಹತ್ತು ಜನರೆದುರು ಯಾರೂ ಮಾತಾಡುವುದಿಲ್ಲ. ಆಡಳಿತ ಹತ್ತಿಪ್ಪತ್ತು ಮನೆಗಳ ಮಟ್ಟದವರೆಗೂ ಇಳಿದಿದೆ. ಸರ್ಕಾರದ ಸಮೀಕ್ಷೆಗಳಲ್ಲಿ ‘ಒಗ್ಗಟ್ಟು’ ನೂರಕ್ಕೆ 92, 94 ಅಂತ ಬರುತ್ತದೆ. ಅಂಥ ವಾತಾವರಣದಲ್ಲಿ ಬೇರೆ ಉತ್ತರ ಕೊಡುವ ಧೈರ್ಯ ಎಷ್ಟು ಜನಕ್ಕಿದ್ದೀತು ಅಂತ ನಾನು ಯೋಚಿಸುತ್ತೇನೆ. ನರಮೇಧ ನಡೆಸಿದ ಸರ್ಕಾರವನ್ನು ಸೋಲಿಸಿ ಜುಲೈ 1994ರಲ್ಲಿ ಗೆದ್ದ ಬಂಡುಕೋರ ಸೇನೆಯ ಕಡೆಯಿಂದಲೂ ಕೊಲೆಗಳಾದವು. ಗಚಾಚಾ ಅದನ್ನು ವಿಚಾರಿಸಲಿಲ್ಲ. ಹಾಗೆ ಸತ್ತವರ ಮನೆಯವರ ದುಃಖ ಬಾಯಿಗೆ ಬರುವುದೇ ಇಲ್ಲ. ಸುಳ್ಳು ದೂರಿಗೆ ಒಳಗೆ ಹೋದವರೂ ಇದ್ದಾರೆ. ಅವರು ವಾಪಸ್ ಬಂದಾಗ ಯಾರ ಹತ್ತಿರ ಹೇಳಿಕೊಳ್ಳಬೇಕು? ಇದನ್ನೆಲ್ಲ ಮರೆಮಾಚಿ ಬರೀ ಒಳ್ಳೆಯ ಚಿತ್ರ ಕೊಟ್ಟರೆ ನಿಮಗೆ ಮೋಸ ಮಾಡಿದ ಹಾಗೆ.

ಆದರೆ ಭಯವೊಂದೇ ಅಂದರೂ ತಪ್ಪು. ಭಯದಿಂದ ಕಲ್ಲು ಎಸೆಯದೇ ಇರಬಹುದು. ಕಾಯಿಲೆ ಬಿದ್ದ ನೆರೆಯವನನ್ನು ಹೊತ್ತು ಆಸ್ಪತ್ರೆಗೆ ಓಡುವುದು, ಮದುವೆಗೆ ಕರೆಯುವುದು, ಹಸು ಕಳೆದಾಗ ಜೊತೆಗೆ ಹುಡುಕುವುದು ಭಯದಿಂದ ಆಗುವ ಕೆಲಸಗಳಲ್ಲ. ಅವೂ ನಡೆಯುತ್ತಿವೆ. ಭಯ, ಅನಿವಾರ್ಯ, ದೈವಭಕ್ತಿ, ಒಂಟಿತನ, ದಣಿವು, ನಿಜವಾದ ಕರುಣೆ, ಎಲ್ಲ ಒಬ್ಬರಲ್ಲೇ ಸೇರಿರುತ್ತವೆ. ಸೋಮವಾರ ಇದ್ದದ್ದು, ನರಮೇಧವನ್ನು ನೆನೆಯುವ ಏಪ್ರಿಲ್ 7ರಂದು ಇರುವುದಿಲ್ಲ.

ದೊಡ್ಡವರ ಕಥೆ ಏನಾಯಿತು ಅಂತ ಒಂದು ಮಾತು. ಸಚಿವರು, ಸೇನಾಧಿಕಾರಿಗಳನ್ನೆಲ್ಲ ಟಾಂಜಾನಿಯಾದ ಅರುಷಾದಲ್ಲಿ ವಿಶ್ವಸಂಸ್ಥೆಯ ನ್ಯಾಯಮಂಡಳಿ ವಿಚಾರಿಸಿತು. ಶಿಕ್ಷೆಯಾದವರನ್ನು ಮಾಲಿ, ಬೆನಿನ್‌ನಂಥ ದೇಶಗಳ ಜೈಲಿಗೆ ಕಳಿಸಿದರು. ಶಿಕ್ಷೆ ಮುಗಿದವರು, ನಿರ್ದೋಷಿ ಅಂತ ತೀರ್ಪು ಬಂದವರು ಕೂಡ ರುವಾಂಡಾಕ್ಕೆ ಹೋಗಲು ಒಪ್ಪುವುದಿಲ್ಲ. ಬೇರೆ ದೇಶಗಳು ಸೇರಿಸುವುದಿಲ್ಲ. 2021ರ ಡಿಸೆಂಬರಿನಲ್ಲಿ ಅಂಥ ಎಂಟು ಜನರನ್ನು ನೈಜರ್ ದೇಶಕ್ಕೆ ಕಳಿಸಿದರು. ಕೆಲವೇ ವಾರಗಳಲ್ಲಿ ಆ ಸರ್ಕಾರ ಹೊರಗೆ ಹೋಗಿ ಅಂತ ಆದೇಶ ಹೊರಡಿಸಿತು. ಅಪ್ಪಣೆ ಕೊಟ್ಟವರ ಸಾಲಿನವರು ಹೀಗೆ ಯಾವ ಊರಿಗೂ ಸಲ್ಲದೆ ಉಳಿದಿದ್ದಾರೆ. ಅಪ್ಪಣೆ ಪಾಲಿಸಿದ ರೈತ ಮಾತ್ರ ತನ್ನ ಗುಡ್ಡಕ್ಕೆ ವಾಪಸ್ ಬಂದು ತಾನು ಮಾಡಿದ್ದರ ಎದುರು ದಿನಾ ಬೆಳಿಗ್ಗೆ ಬಾಗಿಲು ತೆರೆಯಬೇಕು.

ಪ್ರತಿ ವರ್ಷ ಏಪ್ರಿಲ್ 7ಕ್ಕೆ ‘ಕ್ವಿಬುಕ’ ಶುರುವಾಗುತ್ತದೆ. ನೆನೆಯುವುದು ಅಂತ ಅರ್ಥ. ಊರವರೆಲ್ಲ ಸೇರುತ್ತಾರೆ. ವಾಪಸ್ ಬಂದವನೂ ಬರಬೇಕು ಅಂತ ಊರು ಬಯಸುತ್ತದೆ. ಬರದಿದ್ದರೆ ಇವನ ಮನಸ್ಸಿನಲ್ಲಿ ಏನಿದೆಯೋ ಅನ್ನುತ್ತಾರೆ. ಬಂದರೆ ಅವನೆದುರೇ ಒಬ್ಬಳು ಎದ್ದು ನಿಂತು ಆ ದಿನ ಏನಾಯಿತು ಅಂತ ಹೇಳುತ್ತಾಳೆ. ಅವನು ತಲೆ ತಗ್ಗಿಸಿ ಕೇಳಬೇಕು.

ಇಷ್ಟೆಲ್ಲ ವರ್ಷ ಕಳೆದರೂ ಮಣ್ಣಿನಡಿ ಇರುವುದು ಮುಗಿದಿಲ್ಲ. 2018ರಲ್ಲಿ ರಾಜಧಾನಿ ಕಿಗಾಲಿ ಹತ್ತಿರ, ಜನ ಮನೆ ಕಟ್ಟಿಕೊಂಡು ಬದುಕುತ್ತಿದ್ದ ಕಡೆಯೇ, ಸಾವಿರಾರು ಜನರ ಅವಶೇಷಗಳಿದ್ದ ಗುಂಡಿಗಳು ಸಿಕ್ಕವು. 2023ರ ಅಕ್ಟೋಬರಿನಲ್ಲಿ ಹುಯೆ ಜಿಲ್ಲೆಯಲ್ಲಿ ಮನೆ ಕೆಲಸಕ್ಕೆ ಅಗೆಯುವಾಗ ಮತ್ತೆ ಮೂಳೆಗಳು ಬಂದವು. ಆ ಗುಡ್ಡಗಳಲ್ಲಿ ಗಚಾಚಾ ನಡೆದಿತ್ತು, ಜನ ತಪ್ಪೊಪ್ಪಿಕೊಂಡಿದ್ದರು, ಶಿಕ್ಷೆ ಮುಗಿಸಿ ವಾಪಸ್ ಬಂದಿದ್ದರು. ಕೆಳಗೆ ಏನಿದೆ ಅಂತ ಗೊತ್ತಿದ್ದವರು ಅಲ್ಲೇ ಅಕ್ಕಪಕ್ಕ ಓಡಾಡುತ್ತಿದ್ದರು. ಬದುಕುಳಿದವರ ಸಂಘ ‘ಇಬುಕಾ’ ಇವತ್ತಿಗೂ ಅವರನ್ನು ಒಂದೇ ಮಾತು ಕೇಳುತ್ತಿದೆ: ಎಲ್ಲಿ ಹಾಕಿದ್ದೀರಿ, ಹೇಳಿ.